ಓಡಿಹೋದ ಹುಡುಗನ ಅಂಗಿ

ತಂಗಿ,

ನಿನ್ನ ಕಾದಂಬರಿಯ ಹಸ್ತಪ್ರತಿ ಎರಡು ಸಲ ಓದಿದೆ. ಅಧ್ಯಾಯ ಎಷ್ಟಿರಬೇಕು, ಪ್ರಕಾಶಕರು ಯಾರು ಎಂಬುದನ್ನೆಲ್ಲ ಬೇರೆ ಯಾರಾದರೂ ಹೇಳಿಯಾರು. ಲಂಡನ್ನಿನ ಕಥೆ ಕನ್ನಡದಲ್ಲಿ ಯಾಕೆ ಎಂದವರ ಜೊತೆ ನೀನೇ ಜಗಳಾಡಿಕೋ. ನನ್ನ ತಕರಾರು ಹುಡುಗ ಗೋಡೆ ಹಾರುವ ಜಾಗದ್ದು.

1850ರ ಫೌಂಡ್ಲಿಂಗ್ ಹಾಸ್ಪಿಟಲ್ ಎಂದಿದ್ದೀಯ, ಹೆಸರಷ್ಟೇ ಆಸ್ಪತ್ರೆ, ಕೂಸುಗಳನ್ನು ಸಾಕುತ್ತಿದ್ದ ಲಂಡನ್ನಿನ ಸಂಸ್ಥೆ. ಹಾಗಾದರೆ ಅವನು ಅನಾಥನಲ್ಲ ಮಾರಾಯ್ತಿ! ಆ ಕಾಲಕ್ಕೆ ಅಲ್ಲಿ ಸೇರಿಸಿಕೊಳ್ಳುತ್ತಿದ್ದದ್ದು ಮದುವೆಯಾಗದ ಹೆಣ್ಣಿನ ಮೊದಲ ಮಗುವನ್ನು. ಅವಳೇ ಅರ್ಜಿ ಹಿಡಿದು ಬಂದು ಸಮಿತಿಯ ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ಮೊದಲ ಮಗು ಮಾತ್ರ ಎಂದಮೇಲೆ ಪಕ್ಕದ ಹಾಸಿಗೆಯಲ್ಲಿ ಒಡಹುಟ್ಟಿದ ತಮ್ಮ ಎಲ್ಲಿಂದ ಬಂದ? ಬೇಕಾದರೆ ಒಬ್ಬಳೇ ಸಾಕುತಾಯಿಯ ಹಾಲು ಕುಡಿದವರನ್ನಾಗಿ ಮಾಡು. ಇನ್ನು ಹೆತ್ತವಳು ಇಟ್ಟ ಹೆಸರನ್ನು ಅವನು ಕತ್ತಲಲ್ಲಿ ಪಿಸುಗುಡುತ್ತಾನೆ. ಒಳಗೆ ಹೋದ ಮಗುವಿಗೆ ಬೇರೆ ಹೆಸರಲ್ಲಿ ದೀಕ್ಷಾಸ್ನಾನ ಆಗುತ್ತಿತ್ತು, ಹಳೆಯದು ಅವನಿಗೆ ಗೊತ್ತೇ ಇರುವುದಿಲ್ಲ. ಹೊಡೆದುಹಾಕು.

‘ಸ್ವಾತಂತ್ರ್ಯದತ್ತ ಓಡಿದ’ ಅಂತೆ. ‘ಕಣ್ಣು ತೇವವಾಯಿತು’ ಎಂದು ಬೆನ್ನು ತಟ್ಟಿ ತಟ್ಟಿ ನಮ್ಮ ವಿಮರ್ಶಕರು ಎಷ್ಟೋ ಒಳ್ಳೆಯ ಕೈಗಳನ್ನು ಕೆಡಿಸಿದ್ದಾರೆ, ನಿನ್ನ ಮುನ್ನುಡಿಯಲ್ಲೂ ಅದೇ ಮಾತಿದೆ. ಹಸುಗೂಸುಗಳನ್ನು ಕೆಂಟ್, ಸರ್ರೆ ಕಡೆಯ ಹಳ್ಳಿಗಳ ಸಾಕುತಾಯಂದಿರಿಗೆ ಒಪ್ಪಿಸಿ, ಐದು ವರ್ಷದ ಆಸುಪಾಸಿಗೆ ಲಂಡನ್ನಿಗೆ ವಾಪಸ್ ತರುತ್ತಿದ್ದರು. ಎಂಟು ವರ್ಷದವನು ಓಡಿದರೆ ಆ ಸಾಕುತಾಯಿಯ ಒಲೆಯ ಹತ್ತಿರಕ್ಕೆ ಓಡುತ್ತಾನೆ. ಅವಳ ಊರು ಸರ್ರೆಯ ಚರ್ಟ್ಸಿ ಎಂದಿಟ್ಟುಕೋ, ಸುಮಾರು 20 ಮೈಲಿ. ಗಂಟೆಗೆ 2 ಮೈಲಿಯಂತೆ 10 ಗಂಟೆಯ ನಡಿಗೆ, ದಾರಿ ತಪ್ಪಿದ್ದು, ಕೂತದ್ದು ಬೇರೆ. ಒಂದು ರಾತ್ರಿ ದಾರಿಯಲ್ಲೇ ಕಳೆಯಬೇಕು. ನೀನು ಅವನನ್ನು ವಾಟರ್‌ಲೂ ಸೇತುವೆ ದಾಟಿಸಿದ್ದೀಯ. ಅಲ್ಲಿ 1878ರವರೆಗೂ ನಡೆದು ಹೋಗುವವರಿಗೂ ಸುಂಕ. ಅವನ ಜೇಬಿನಲ್ಲಿ ಏನಿದೆ? ಸುಂಕವಿಲ್ಲದ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಕಡೆಗೆ ಕಳಿಸು.

ಗೋಡೆಯೂ ಬೇಡ. ಭಾನುವಾರ ಪ್ರಾರ್ಥನೆ ಮುಗಿಸಿದ ದೊಡ್ಡಮನುಷ್ಯರು ಮಕ್ಕಳು ಊಟ ಮಾಡುವುದನ್ನು ನೋಡಲು ಬರುತ್ತಿದ್ದರು. (ಅಂಥ ದಿನವೇ ನೀನು ನೀರುಗಂಜಿ ಬಡಿಸಿದ್ದೀಯಲ್ಲ, ನೋಡುವವರಿದ್ದಾಗ ಯಾರು ಹಾಗೆ ಬಡಿಸುತ್ತಾರೆ?) ಆ ಗುಂಪಿನ ಜೊತೆ ನುಸುಳಬಹುದು. ಆದರೆ ಮೈಮೇಲಿನ ಕಂದು ಸಮವಸ್ತ್ರ ಬೀದಿಗೆಲ್ಲ ಗುರುತು. ಬಡವರನ್ನು ಇಟ್ಟು ದುಡಿಸುತ್ತಿದ್ದ ವರ್ಕ್‌ಹೌಸುಗಳಲ್ಲಂತೂ ಸಂಸ್ಥೆಯ ಬಟ್ಟೆಯಲ್ಲಿ ಓಡಿಹೋಗುವುದೇ ಅಪರಾಧವಾಗಿತ್ತು. ಬಿಚ್ಚಿದರೆ ಚಳಿ, ಬಿಚ್ಚದಿದ್ದರೆ ಮೊದಲ ಪೊಲೀಸಿನವನ ಕೈಗೆ ಸಿಗುತ್ತಾನೆ. ಈ ಪೇಚಾಟಕ್ಕೆ ನಾಲ್ಕು ಪುಟ ಕೊಡು, ಅಳುವಿಗೆ ಒಂದು ಸಾಲೂ ಬೇಡ.

ಕಣ್ಣುಬೇನೆಯ ಅಧ್ಯಾಯ ಮಾತ್ರ ಮುಟ್ಟಬೇಡ. ಒಂದೇ ಒದ್ದೆ ಟವೆಲ್ಲು ಸಾಲಿನುದ್ದಕ್ಕೂ ಕೈಯಿಂದ ಕೈಗೆ ಹೋಗುವುದನ್ನು ತೋರಿಸಿ ಸುಮ್ಮನಾಗಿದ್ದೀಯ. ಅದನ್ನು ಓದಿದ ಮೇಲೇ ಈ ಕಾಗದ ಬರೆಯಲು ಕೂತದ್ದು.

ಅಂಗಿ ಎಲ್ಲಿ ಬಿಚ್ಚಿಸುತ್ತೀ ಎಂದು ಗೊತ್ತಾದ ಮೇಲೆ ಆ ಪುಟಗಳನ್ನಷ್ಟೇ ಕಳಿಸು.