ಏನೂ ಆಗದ ದಿನಕ್ಕೂ ಒಂದು ಪದಕ

ಪ್ರೀತಿಯ ಪುಟ್ಟಿ,

ಟೀಮ್ ಲೀಡ್ ಆದೆ ಅಂತ ಕೇಳಿ ಅಮ್ಮನಿಗೂ ನನಗೂ ತುಂಬ ಖುಷಿಯಾಯಿತು. ಆದರೆ ದಿನಾ ಗ್ರೂಪ್‌ನಲ್ಲಿ 'ಗುಡ್ ಜಾಬ್' ಹಾಕಿದರೂ, ತಿಂಗಳಿಗೊಬ್ಬರಿಗೆ ಸರ್ಟಿಫಿಕೇಟ್ ಕೊಟ್ಟರೂ ಯಾರಲ್ಲೂ ಹುರುಪಿಲ್ಲ ಅಂದೆಯಲ್ಲ, ಅದನ್ನೇ ಯೋಚಿಸುತ್ತಿದ್ದೆ. ಫೋನಿನಲ್ಲಿ ನನಗೆ ಸರಿಯಾಗಿ ಹೇಳೋಕೆ ಬರಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಗೊತ್ತಿರುವುದು ಬಸ್ಸು. ಅಲ್ಲಿಂದಲೇ ಶುರು ಮಾಡುತ್ತೇನೆ.

ಕೆಎಸ್‌ಆರ್‌ಟಿಸಿಯಲ್ಲಿ 5 ವರ್ಷ ಅಪಘಾತವಿಲ್ಲದೆ ಗಾಡಿ ಓಡಿಸಿದ ಡ್ರೈವರ್‌ಗೆ ಬೆಳ್ಳಿ ಪದಕ. 15 ವರ್ಷ ಓಡಿಸಿದರೆ ಮುಖ್ಯಮಂತ್ರಿಗಳ ಚಿನ್ನದ ಪದಕ. ಶೋಕೇಸಿನಲ್ಲಿರುವ ನನ್ನ ಬೆಳ್ಳಿ ಪದಕವನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಅದನ್ನು ಯಾವುದಕ್ಕೆ ಕೊಡುತ್ತಾರೆ ಅಂತ ಯೋಚಿಸು. ಡ್ರೈವರ್ ಒಳ್ಳೆಯ ಕೆಲಸ ಮಾಡಿದ ಅಂದರೆ ಏನೂ ಆಗಲಿಲ್ಲ ಅಂತ. ಶಿರಾಡಿ ಘಾಟ್‌ನಲ್ಲಿ ರಾತ್ರಿ ಮಳೆ ಸುರಿಯುತ್ತಿರುತ್ತದೆ. ತಿರುವಿನಲ್ಲಿ ಎದುರಿಗೆ ಟ್ಯಾಂಕರ್ ಬರುತ್ತದೆ. ಡ್ರೈವರ್ ಮೊದಲೇ ಅಂದಾಜು ಮಾಡಿ ಗೇರ್ ಇಳಿಸಿ, ಒಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿರುತ್ತಾನೆ. ಹಿಂದೆ ಎಲ್ಲರೂ ನಿದ್ದೆ. ಬೆಳಿಗ್ಗೆ ಮಂಗಳೂರಿನಲ್ಲಿ ಬ್ಯಾಗ್ ಎತ್ತಿಕೊಂಡು ಇಳಿದು ಹೋಗುತ್ತಾರೆ, ಅವನ ಮುಖ ಕೂಡ ನೋಡಿರುವುದಿಲ್ಲ. ಸೈಡ್ ಮಿರರ್ ಒಡೆದರೆ ಮಾತ್ರ ಎಲ್ಲರಿಗೂ ಸುದ್ದಿ.

ಈ ಕಾಣದ ಕೆಲಸಕ್ಕೆ ವರ್ಷಗಟ್ಟಲೆ ಲೆಕ್ಕ ಇಟ್ಟು, ಹೆಸರು ಕೂಗಿ ಕರೆದು ಪದಕ ಕೊಡುವ ಪದ್ಧತಿಯನ್ನು ಮಾಡಿದವರು ಬಹಳ ತಿಳಿದವರು. ಅದನ್ನು ಸಿಕ್ಕಿಸಿಕೊಂಡು ಡಿಪೋಗೆ ಹೋದಾಗ ಕಂಡಕ್ಟರ್‌ಗಳು 'ಏನಣ್ಣ, ಮದುವೆ ಗಂಡಿನ ಹಾಗೆ ಬಂದಿದ್ದೀಯ' ಅಂತ ರೇಗಿಸಿದ್ದರು. ರೇಗಿಸಲಿ ಅಂತಲೇ ಹಾಕಿಕೊಂಡು ಹೋಗಿದ್ದೆ ಅನ್ನು.

ಈಗ ನಿನ್ನ ಆಫೀಸಿಗೆ ಬಾ. ಸರ್ವರ್ ಬಿದ್ದಾಗ ರಾತ್ರಿಯೆಲ್ಲ ಕೂತು ಸರಿ ಮಾಡಿದವನಿಗೆ ಚಪ್ಪಾಳೆ. ಸರಿ, ಅವನಿಗೆ ಸಿಗಲೇಬೇಕು. ಆದರೆ ಬೀಳದ ಹಾಗೆ ನೋಡಿಕೊಂಡವರಿಗೆ? ಟೆಸ್ಟಿಂಗ್ ಮಾಡುವ ಒಬ್ಬ ಹುಡುಗಿಯ ಕೆಲಸ ತುಂಬ ಅಚ್ಚುಕಟ್ಟು, ಆದರೆ ಮಾತೇ ಆಡಲ್ಲ ಅಂತ ನೀನೇ ಹೇಳಿದ್ದೆ. ಆ ಅಚ್ಚುಕಟ್ಟಿನ ವಿಷಯ ನನಗೆ ಹೇಳಿದೆ. ಅವಳಿಗೆ ಹೇಳಿದ್ದೀಯಾ? ಗ್ರೂಪ್‌ನಲ್ಲಿ ಬೀಳುವ 'ಗುಡ್ ಜಾಬ್' ನಮ್ಮ ನೆಂಟರು ದಿನಾ ಕಳಿಸುವ ಗುಡ್ ಮಾರ್ನಿಂಗ್ ಹೂವಿನ ಚಿತ್ರದ ಹಾಗೆ. ಬಂದಿದೆ ಅಂತ ಗೊತ್ತಾಗುತ್ತದೆ, ಅಷ್ಟೇ.

ನೀನು ಬಿಟ್ಟು ಹೋದ ಎಂಬಿಎ ಪುಸ್ತಕಗಳನ್ನು ನಿವೃತ್ತಿಯಾದ ಮೇಲೆ ನಾನೇ ಓದುತ್ತಿದ್ದೇನೆ. ಒಂದರಿಂದ ಇನ್ನೊಂದನ್ನು ಮೊಬೈಲ್‌ನಲ್ಲಿ ಹುಡುಕುತ್ತಾ ಹೋಗುತ್ತೇನೆ. 2010ರ ಒಂದು ಅಧ್ಯಯನ ಇಷ್ಟವಾಯಿತು. ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ ದೇಣಿಗೆ ಕೇಳುವ ನೌಕರರು. ಅವರಲ್ಲಿ ಒಂದು ಗುಂಪಿನ ಹತ್ತಿರ ನಿರ್ದೇಶಕಿ ಖುದ್ದಾಗಿ ಬಂದು, ನಿಮ್ಮ ಶ್ರಮಕ್ಕೆ ನಾವು ಋಣಿ ಅಂತ ಹೇಳಿ ಹೋದರು. ಮುಂದಿನ ವಾರ ಆ ಗುಂಪು ಮಾಡಿದ ಕರೆಗಳು ಸುಮಾರು ಅರ್ಧದಷ್ಟು ಜಾಸ್ತಿಯಾದವು. ಇನ್ನೊಂದು ಗುಂಪಿನದು ಇದ್ದ ಹಾಗೇ ಇತ್ತು. ಜಾಸ್ತಿ ಕರೆ ಮಾಡಿದರೆ ಸಂಬಳವೇನೂ ಏರುತ್ತಿರಲಿಲ್ಲ ನೋಡು.

ಬಹುಮಾನ ಕೈಕೊಡುವುದೂ ಉಂಟು. ಬಟ್ಟೆ ಒಗೆಯುವ ಕಾರ್ಖಾನೆಯೊಂದರಲ್ಲಿ ರಜೆ ಹಾಕದೆ, ತಡ ಮಾಡದೆ ಬಂದವರಿಗೆ ಬಹುಮಾನ ಇಟ್ಟರಂತೆ. ಅದರ ಅಧ್ಯಯನ ಪ್ರಕಟವಾದದ್ದು 2016ರಲ್ಲಿ. ಕೆಲವರು ಬಹುಮಾನದ ಆಸೆ ಇರುವವರೆಗೆ ಮಾತ್ರ ಸಮಯಕ್ಕೆ ಬಂದರು. ಮೊದಲಿನಿಂದಲೂ ಸರಿಯಾಗಿ ಬರುತ್ತಿದ್ದವರು ಕೆಲಸವನ್ನೇ ಕಮ್ಮಿ ಮಾಡಿದರು. ನನಗೆ ಆಶ್ಚರ್ಯವಾಗಲಿಲ್ಲ. ಇಷ್ಟು ದಿನ ನಾವು ಬಂದದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಸೋಮಾರಿ ನಾಲ್ಕು ದಿನ ಬೇಗ ಬಂದರೆ ಬಹುಮಾನವಾ ಅಂತ ಅನ್ನಿಸದೇ ಇರುತ್ತಾ? ನಿನ್ನ ತಿಂಗಳ ಸರ್ಟಿಫಿಕೇಟೂ ಇದೇ ದಾರಿ ಹಿಡಿದಿದೆ ಅಂತ ನನ್ನ ಗುಮಾನಿ. ಸರದಿ ಪ್ರಕಾರ ಕೊಡ್ತೀವಿ ಅಂದೆಯಲ್ಲ. ಸರದಿಯಲ್ಲಿ ಬರುವುದು ರೇಷನ್.

ಇನ್ನೊಂದು ಮಾತು. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1959ರಲ್ಲೇ ಹೇಳಿದ್ದು ನಿನ್ನ ಪುಸ್ತಕದಲ್ಲಿದೆ. ಸಂಬಳ ಸರಿಯಿಲ್ಲದಿದ್ದರೆ ಜನ ಬೇಸರ ಪಡುತ್ತಾರೆ. ಸಂಬಳ ಸರಿಯಾದ ಮಾತ್ರಕ್ಕೆ ಹುರುಪು ಬರುವುದಿಲ್ಲ, ಅದಕ್ಕೆ ಮಾಡಿದ ಕೆಲಸವನ್ನು ಯಾರಾದರೂ ಗುರುತಿಸಬೇಕು. ಕೆಲವು ಮ್ಯಾನೇಜರ್‌ಗಳು ಇದರಲ್ಲಿ ಎರಡನೇ ಅರ್ಧ ಮಾತ್ರ ಓದಿ, ಇನ್‌ಕ್ರಿಮೆಂಟ್ ಬದಲು ಕೇಕ್ ಕತ್ತರಿಸುತ್ತಾರೆ. ನೀನು ಹಾಗೆ ಮಾಡಬೇಡ.

ಆ ಹುಡುಗಿಯನ್ನು ಎಲ್ಲರ ಮುಂದೆ ನಿಲ್ಲಿಸಬೇಡ, ಪಾಪ, ಮುದುಡಿಕೊಳ್ಳುತ್ತಾಳೆ. ಪಕ್ಕದಲ್ಲಿ ಕೂತು, ಇಂಥ ದಿನ ಇಂಥ ತಪ್ಪನ್ನು ನೀನು ಹಿಡಿದದ್ದರಿಂದ ಗ್ರಾಹಕರಿಗೆ ತೊಂದರೆ ತಪ್ಪಿತು ಅಂತ ಬಿಡಿಸಿ ಹೇಳು. ಹಾಗೆ ಹೇಳಬೇಕಾದರೆ ಅವಳ ಕೆಲಸವನ್ನು ನೀನು ಮೊದಲು ನೋಡಿರಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಹಿಡಿಯಲಿ. ನಿನ್ನ ಮೇಲಿನವರಿಗೆ ಕಳಿಸುವ ವರದಿಯಲ್ಲೂ 'ನಮ್ಮ ತಂಡ' ಅಂತ ಬರೆದು ಬಿಡಬೇಡ, ಅವಳ ಹೆಸರು ಹಾಕು. ಇನ್‌ಕ್ರಿಮೆಂಟ್ ಮಾತು ಬಂದಾಗ ಅದೇ ವರದಿಯನ್ನು ಮುಂದಿಡು.

ಭಾನುವಾರ ಫೋನ್ ಮಾಡು. ಅವಳು ಏನಂದಳು ಅಂತ ಹೇಳು.

ಇಂತಿ,
ನಿನ್ನ ಅಪ್ಪ