‘ರ‍್ಯಾಪ್ ಬಿಟ್ಟು ನಟನಾದ’ ಎಂಬ ಸಾಲು ಆಶ್ಲಿ ವಾಲ್ಟರ್ಸ್‌ಗೆ ಹೊಂದುವುದಿಲ್ಲ

ಮಾನ್ಯರೇ,

ಸಹಪಾಠಿಯ ಕೊಲೆ ಆರೋಪದಲ್ಲಿ ಬಂಧನಕ್ಕೊಳಗಾಗುವ 13 ವರ್ಷದ ಹುಡುಗನ ಕಥೆ ಹೇಳುವ ನೆಟ್‌ಫ್ಲಿಕ್ಸ್‌ನ ಬ್ರಿಟಿಷ್ ಸರಣಿ ‘ಅಡೊಲೆಸೆನ್ಸ್’ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ, ಡಿಟೆಕ್ಟಿವ್ ಇನ್‌ಸ್ಪೆಕ್ಟರ್ ಲೂಕ್ ಬ್ಯಾಸ್ಕೂಂಬ್ ಪಾತ್ರ ಮಾಡಿದ ಆಶ್ಲಿ ವಾಲ್ಟರ್ಸ್ ಅವರನ್ನು ‘ರ‍್ಯಾಪ್ ಬಿಟ್ಟು ನಟನೆಗೆ ಬಂದವರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದೆ. ಚಿಕ್ಕ ಸಾಲು, ನಿಜ. ಆದರೆ ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ಇಟ್ಟಿದೆ.

ವಾಲ್ಟರ್ಸ್ ಹುಟ್ಟಿದ್ದು 1982ರಲ್ಲಿ, ದಕ್ಷಿಣ ಲಂಡನ್ನಿನ ಪೆಕಮ್‌ನಲ್ಲಿ. ಓದಿದ್ದು ಸಿಲ್ವಿಯಾ ಯಂಗ್ ಥಿಯೇಟರ್ ಸ್ಕೂಲಿನಲ್ಲಿ. ಅಲ್ಲಿ ವಾರಕ್ಕೆ ಮೂರು ದಿನ ಉಳಿದ ಶಾಲೆಗಳಂತೆ ಪಾಠ, ಎರಡು ದಿನ ನಟನೆ, ಹಾಡು, ಕುಣಿತ. ಮಕ್ಕಳಿಗೆ ಪಾತ್ರ ಹುಡುಕಿಕೊಡುವ ಏಜೆನ್ಸಿಯೂ ಶಾಲೆಯದ್ದೇ. 1990ರ ದಶಕದಲ್ಲೇ ಅವರು ಬಿಬಿಸಿಯ ಮಕ್ಕಳ ಧಾರಾವಾಹಿ ‘ಗ್ರೇಂಜ್ ಹಿಲ್’ನಲ್ಲಿ ಕಾಣಿಸಿಕೊಂಡಿದ್ದರು. ಅವರ ಪಾಲಿಗೆ ಕ್ಯಾಮೆರಾ ಮೊದಲು ಬಂತು, ಹೆಸರು ತಂದ ಮೈಕು ಆಮೇಲೆ.

ಆ ಮೈಕು ಸಿಕ್ಕಿದ್ದು ದಕ್ಷಿಣ ಲಂಡನ್ನಿನದೇ ಬ್ಯಾಟರ್ಸಿಯ ‘ಸೋ ಸಾಲಿಡ್ ಕ್ರೂ’ ತಂಡದಲ್ಲಿ, ಏಷರ್ ಡಿ ಎಂಬ ಹೆಸರಿನಲ್ಲಿ. ಪರವಾನಗಿಯಿಲ್ಲದ ಪೈರೇಟ್ ರೇಡಿಯೊದಲ್ಲಿ ಪಳಗಿದ, ಸುಮಾರು 30 ಮಂದಿಯ ದೊಡ್ಡ ದಂಡು ಅದು. 2001ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ‘21 ಸೆಕೆಂಡ್ಸ್’ ಹಾಡಿನ ಹೆಸರೇ ಅದರ ಲೆಕ್ಕಾಚಾರ. ಬಾಯಿ ತೆರೆಯಬೇಕಾದವರು ಬಹಳ, ಹಾಡು ಚಿಕ್ಕದು, ಹಾಗಾಗಿ ತಲೆಗೆ 21 ಸೆಕೆಂಡು. ಅಷ್ಟರೊಳಗೆ ಬಂದು, ತನ್ನ ದನಿಯ ಗುರುತು ಬಿಟ್ಟು, ಮುಂದಿನವನಿಗೆ ಜಾಗ ಕೊಟ್ಟು ಸರಿಯಬೇಕು. ಮರುವರ್ಷವೇ ಪಿಸ್ತೂಲು ಇಟ್ಟುಕೊಂಡ ಪ್ರಕರಣದಲ್ಲಿ ವಾಲ್ಟರ್ಸ್‌ಗೆ 18 ತಿಂಗಳ ಶಿಕ್ಷೆಯಾಯಿತು.

ಜೈಲಿನಿಂದ ಬಂದ ಮೇಲೆ ಸಿಕ್ಕಿದ್ದು ಸಾಲ್ ಡಿಬ್ ನಿರ್ದೇಶನದ ‘ಬುಲೆಟ್ ಬಾಯ್’ (2004) ಚಿತ್ರ. ಪಾತ್ರವೂ ಆಗತಾನೆ ಜೈಲಿನಿಂದ ಹೊರಬಂದ ಹುಡುಗನದ್ದೇ. ಅದೃಷ್ಟವೋ ಬಲೆಯೋ ಹೇಳುವುದು ಕಷ್ಟ. ಬ್ರಿಟಿಷ್ ಇಂಡಿಪೆಂಡೆಂಟ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಭರವಸೆಯ ಹೊಸಬ ಎಂಬ ಪ್ರಶಸ್ತಿ ಬಂತು, ಬಂದೂಕಿನ ಹುಡುಗ ಎಂಬ ಮುದ್ರೆಯೂ ಬಿತ್ತು. 2011ರಲ್ಲಿ ಚಾನೆಲ್ 4ರ ‘ಟಾಪ್ ಬಾಯ್’ ಸರಣಿಯಲ್ಲಿ ಅವರು ಮಾಡಿದ ಡುಶೇನ್ ಪೂರ್ವ ಲಂಡನ್ನಿನ ಮಾದಕವಸ್ತು ದಂಧೆಯವನು. ಬಿಬಿಸಿಯ ‘ಕಫ್ಸ್’ನಲ್ಲಿ ಪೊಲೀಸ್ ಸಮವಸ್ತ್ರ ತೊಟ್ಟಿದ್ದು 2015ರಲ್ಲಿ, ಅಂದರೆ ‘ಬುಲೆಟ್ ಬಾಯ್’ ಕಳೆದು 11 ವರ್ಷಕ್ಕೆ. 2018ರಲ್ಲಿ ‘ಬುಲೆಟ್‌ಪ್ರೂಫ್’, ಅಲ್ಲೂ ಪೊಲೀಸ್. ಬ್ಯಾಸ್ಕೂಂಬ್ ಪಾತ್ರ ಈ ಸಾಲಿನಲ್ಲಿ ಬಂದದ್ದು, ದಿಢೀರನೆ ಉದುರಿದ್ದಲ್ಲ.

ಹಾಡಿನಿಂದ ನಟನೆಗೆ ಬಂದವರು ಎಂಬುದು ನಿಜಕ್ಕೂ ಹೊಂದುವುದು ‘ಟಾಪ್ ಬಾಯ್’ನಲ್ಲೇ ಸಲ್ಲಿ ಪಾತ್ರ ಮಾಡಿದ ಕೇನೋಗೆ. ಲಂಡನ್ನಿನಲ್ಲಿ ಹುಟ್ಟಿದ ವೇಗದ ರ‍್ಯಾಪ್ ಶೈಲಿಯಾದ ಗ್ರೈಮ್ ಸಂಗೀತದ ದೊಡ್ಡ ಹೆಸರು. ಮೊದಲ ಆಲ್ಬಂ 2005ರಲ್ಲೇ ಬಂದಿತ್ತು. ತೆರೆಯ ಮೇಲೆ ಮಾತ್ರ ಕೇನ್ ರಾಬಿನ್ಸನ್ ಎಂಬ ಸ್ವಂತ ಹೆಸರು. ಅಲ್ಲಿನ ಕೆಲವರು ಹೀಗೆ ಎರಡು ಹೆಸರು ಇಟ್ಟುಕೊಳ್ಳುತ್ತಾರೆ. ಅದೇ ಸರಣಿಯ ರ‍್ಯಾಪರ್ ಲಿಟಲ್ ಸಿಮ್ಜ್ ಕೂಡ ನಟಿಯಾಗಿ ಸಿಂಬಿ ಅಜಿಕಾವೊ. 2013ರಲ್ಲಿ ಸರಣಿ ನಿಂತು, 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಮತ್ತೆ ಶುರುವಾಗುವ ನಡುವಿನ ಆರು ವರ್ಷಗಳಲ್ಲಿ ಕೇನೋ ಸಂಗೀತಕ್ಕೆ ಮರಳಿ 2016ರಲ್ಲಿ ಆಲ್ಬಂ ತಂದರು; ವಾಲ್ಟರ್ಸ್ ನಟಿಸುತ್ತಲೇ ಇದ್ದರು. ಯಾರ ಮನೆ ಯಾವುದು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಇನ್ನು ರ‍್ಯಾಪ್ ಬಲ್ಲವನು ಸುಲಭವಾಗಿ ನಟಿಸಬಲ್ಲ ಎಂಬ ನಿಮ್ಮ ಬರಹದ ಧಾಟಿ. ಇದರಲ್ಲಿ ಅರ್ಧ ಸತ್ಯವಿದೆ. ಗ್ರೈಮ್‌ನ ವೇಗ ನಿಮಿಷಕ್ಕೆ ಸುಮಾರು 140 ಬೀಟ್. ನಾಲ್ಕು ಬೀಟಿಗೆ ಒಂದು ಬಾರ್, 16 ಬಾರ್‌ನ ಒಂದು ಪಲುಕು 27 ಸೆಕೆಂಡಿಗೆ ಮುಗಿಯುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಮೊದಲೇ ಗುರುತಿಸಿಕೊಳ್ಳದಿದ್ದರೆ 12ನೇ ಬಾರ್‌ಗೆ ಸಾಲಿನ ಕೊನೆಯ ಅಕ್ಷರಗಳು ನುಂಗಿಹೋಗುತ್ತವೆ. ಈ ಅಭ್ಯಾಸ ಇದ್ದವರಿಗೆ ಉದ್ದ ಸಂಭಾಷಣೆ ನೆನಪಿಟ್ಟುಕೊಳ್ಳುವುದು, ಓಡುತ್ತಾ ಮಾತಾಡುವುದು ಭಾರವಾಗುವುದಿಲ್ಲ.

ಕೆಡುವುದು ಬೇರೆ ಕಡೆ. ಮ್ಯೂಸಿಕ್ ವಿಡಿಯೊದಲ್ಲಿ ಲೆನ್ಸನ್ನೇ ದಿಟ್ಟಿಸಿ ಹಾಡುತ್ತಾರೆ. ಕಥೆಯ ಚಿತ್ರೀಕರಣದಲ್ಲಿ ಲೆನ್ಸ್ ಇಲ್ಲವೇ ಇಲ್ಲ ಎಂಬಂತಿರಬೇಕು. ವಿಡಿಯೊಗೆ ಹಾಡು ಮೊದಲೇ ಮುದ್ರಿತ, ಸ್ಥಳದಲ್ಲಿ ತುಟಿ ಕೂಡಿದರೆ ಸಾಕು. ಸರಣಿಯಲ್ಲಿ ಸ್ಥಳದ ದನಿಯೇ ದಾಖಲಾಗುತ್ತದೆ. ವೇದಿಕೆಯ ಗಟ್ಟಿ ದನಿಯನ್ನು ಎದೆಯ ಮೇಲಿನ ಪುಟ್ಟ ಮೈಕಿಗೆ ಸುರಿದರೆ ಒಡೆದು ಕೇಳುತ್ತದೆ, ಕ್ಲೋಸಪ್‌ನಲ್ಲಿ ನಾಟಕೀಯವಾಗಿ ಕಾಣುತ್ತದೆ. ಕೈಯಾಡಿಸುವ ಚಟ ಇನ್ನೊಂದು. ಮೊದಲ ಟೇಕಿನಲ್ಲಿ ಒಂದು ಮಾತಿಗೆ ಬಲಗೈ ಎತ್ತಿ, ಎರಡನೆಯದರಲ್ಲಿ ಬೇರೆ ಮಾತಿಗೆ ಎಡಗೈ ಎತ್ತಿದರೆ ಸಂಕಲನಕಾರ ಎರಡನ್ನೂ ಜೋಡಿಸಲಾರ. ಎಲ್ಲಕ್ಕಿಂತ ಕಷ್ಟದ್ದು ಕೇಳಿಸಿಕೊಳ್ಳುವುದು. ರ‍್ಯಾಪರ್ ತನ್ನ ಸರದಿಗೆ ಕಾಯುತ್ತಾನೆ; ನಟ ಎದುರಿನವನ ಮಾತಿಗೆ ಬದಲಾಗಬೇಕು. ತಾಳಮದ್ದಳೆಯ ಒಳ್ಳೆಯ ಅರ್ಥಧಾರಿಯನ್ನು ಕಂಡವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

‘ಅಡೊಲೆಸೆನ್ಸ್’ನ ನಾಲ್ಕು ಕಂತುಗಳಲ್ಲಿ ಒಂದೊಂದೂ ಸುಮಾರು ಗಂಟೆಯಷ್ಟು ಉದ್ದದ ಒಂದೇ ಶಾಟ್. ಒಂದು ಕಂತಿಗೆ ಮೂರು ವಾರ: ಒಂದು ವಾರ ನಟರ ತಾಲೀಮು, ಇನ್ನೊಂದು ವಾರ ಕ್ಯಾಮೆರಾ ಜೊತೆ ತಾಲೀಮು, ಮೂರನೆಯ ವಾರ ದಿನಕ್ಕೆ ಎರಡು ಬಾರಿಯಂತೆ ಇಡೀ ಕಂತಿನ ಚಿತ್ರೀಕರಣ. ಪೈರೇಟ್ ರೇಡಿಯೊದಲ್ಲಿ ಒಂದು ಸಾಲು ಕೇಳುಗರಿಗೆ ಹಿಡಿಸಿದರೆ ಡಿಜೆ ಹಾಡಿನ ತಟ್ಟೆಯನ್ನು ಹಿಂದಕ್ಕೆಳೆದು ಮತ್ತೆ ಮೊದಲಿನಿಂದ ಹಾಕುತ್ತಾನೆ. ಅದಕ್ಕೆ ‘ರೀಲೋಡ್’ ಎನ್ನುತ್ತಾರೆ, ಅದು ಮರ್ಯಾದೆ. ಇಲ್ಲಿ 50ನೇ ನಿಮಿಷದಲ್ಲಿ ಒಬ್ಬರು ತಡವರಿಸಿ ಮೊದಲಿನಿಂದ ಶುರುಮಾಡಬೇಕಾದರೆ ಅಂದಿನ ಅರ್ಧ ದಿನ ನೀರುಪಾಲು. ಎರಡನೇ ಕಂತು ನಡೆಯುವುದು ಮಕ್ಕಳಿಂದ ಕಿಕ್ಕಿರಿದ ಶಾಲೆಯಲ್ಲಿ. ಬ್ಯಾಸ್ಕೂಂಬ್ ಒಬ್ಬ ಹುಡುಗನನ್ನು ಅಟ್ಟಿಸಿಕೊಂಡು ಓಡುವಾಗ ಕ್ಯಾಮೆರಾ ಕಿಟಕಿಯ ಮೂಲಕ ಕೈಯಿಂದ ಕೈಗೆ ದಾಟುತ್ತದೆ, ಕೊನೆಗೆ ಡ್ರೋನ್ ಏರಿ ಹಾರುತ್ತದೆ. ಅಷ್ಟು ಓಡಿಯೂ ಮಾತು ಸ್ಪಷ್ಟವಾಗಿ ಉಳಿದದ್ದರಲ್ಲಿ ಮೈಕಿನ ಪಾಲು ಇದ್ದೀತು. ಆದರೆ ಬ್ಯಾಸ್ಕೂಂಬ್‌ನ ಮಗ ಆಡಮ್, ಹುಡುಗರು ಜಾಲತಾಣದಲ್ಲಿ ಬಳಸುವ ಇಮೋಜಿಗಳ ಗುಟ್ಟು ಬಿಡಿಸಿ ಹೇಳುವಾಗ ಅಪ್ಪನ ಮುಖದಲ್ಲಿ ಮೂಡುವ ಪೆಚ್ಚು, ಅದು ನಟನೆಯ ಶಾಲೆಯಲ್ಲಿ ಕಲಿತದ್ದು. 2025ರ ಎಮ್ಮಿ ಪ್ರಶಸ್ತಿಗೆ ಪೋಷಕ ನಟನ ವಿಭಾಗದಲ್ಲಿ ಅವರ ಹೆಸರಿತ್ತು. ಗೆದ್ದದ್ದು ಅದೇ ಸರಣಿಯ ಹುಡುಗ ಓವನ್ ಕೂಪರ್.

ಇಷ್ಟು ಬರೆಯಲು ಕಾರಣವಿದೆ. ಕನ್ನಡದಲ್ಲಿ ಈಗ ರ‍್ಯಾಪ್ ಮಾಡುವ ಹುಡುಗರು ಕಡಿಮೆಯಿಲ್ಲ. ನಿಮ್ಮ ಸಾಲನ್ನು ನಂಬಿ ತಮ್ಮ ಮ್ಯೂಸಿಕ್ ವಿಡಿಯೊವನ್ನೇ ಆಡಿಷನ್‌ಗೆ ಕಳಿಸಿದರೆ ಕೆಲಸವಾಗುವುದಿಲ್ಲ. ಎರಡೆರಡು ಸೆಕೆಂಡಿಗೆ ಕತ್ತರಿಸಿದ ಶಾಟ್‌ಗಳಲ್ಲಿ ಅವರ ನಿಜವಾದ ದನಿಯೂ ಕೇಳದು, ಕೇಳಿಸಿಕೊಳ್ಳುವ ಮುಖವೂ ಕಾಣದು. ಬೇಕಾದ್ದು ಇಷ್ಟೇ: ಖಾಲಿ ಗೋಡೆ, ಅಡ್ಡ ಹಿಡಿದು ಕಣ್ಣಿನ ಎತ್ತರಕ್ಕೆ ನಿಲ್ಲಿಸಿದ ಫೋನು, ಎದೆಯಿಂದ ಮೇಲಿನ ಚೌಕಟ್ಟು, ಎದುರಿನಿಂದ ಬೆಳಕು. ಎದುರು ಪಾತ್ರದ ಮಾತು ಓದುವವರು ಫೋನಿಗೆ ಅಂಟಿಕೊಂಡಂತೆ ಪಕ್ಕದಲ್ಲಿ ನಿಲ್ಲಲಿ, ನೋಟ ಅವರ ಮೇಲಿರಲಿ. ಅವರ ದನಿ ನಿಮ್ಮದಕ್ಕಿಂತ ಮೆಲ್ಲಗಿರಬೇಕು, ಇಲ್ಲವಾದರೆ ಫೋನು ಅವರನ್ನೇ ಹಿಡಿಯುತ್ತದೆ. ಹಿನ್ನೆಲೆ ಸಂಗೀತ ಬೇಡ.

ಮುಂದಿನ ಪುರವಣಿಯಲ್ಲಿ ಒಂದು ಸಾಲಿನ ತಿದ್ದುಪಡಿ ಹಾಕಿದರೂ ಸಾಕು: ವಾಲ್ಟರ್ಸ್ ಬಾಲನಟ, ನಡುವೆ ರ‍್ಯಾಪರ್, ಮತ್ತೆ ನಟ.

– ಒಬ್ಬ ಓದುಗ, ಮೈಸೂರು