ಮನೆ ಒಕ್ಕಲಿಗೆ ಈಗ್ಲೇ ದಿನ ಗಟ್ಟಿ ಮಾಡ್ಬೇಡಿ ಅಪ್ಪಾ

ಅಪ್ಪನಿಗೆ ನಮಸ್ಕಾರ,

ನಿನ್ನೆ ಫೋನು ಅರ್ಧಕ್ಕೇ ಕಟ್ ಆಯ್ತಲ್ಲ, ಮತ್ತೆ ಮಾಡುವ ಅಂದ್ರೆ ಅಲ್ಲಿ ನೀವು ಮಲಗಿ ಆಗಿರ್ತದೆ, ಹಾಗಾಗಿ ಬರೆದೇ ಕಳಿಸ್ತಾ ಇದ್ದೇನೆ. ತಮ್ಮ ಬದಿಯಡ್ಕಕ್ಕೆ ಹೋದಾಗ ಪ್ರಿಂಟ್ ತೆಗೆದು ತರ್ಲಿ, ಮೊಬೈಲಲ್ಲಿ ಓದಿ ಕಣ್ಣು ನೋಯಿಸ್ಕೊಳ್ಬೇಡಿ.

ಮುಖ್ಯ ವಿಷಯ ಮೊದಲು. ಇಲ್ಲಿ ಇಂಗ್ಲೆಂಡಲ್ಲಿ ನಾವು ಹಿಡಿದ ಹೊಸ ಮನೆಯ ಒಕ್ಕಲಿಗೆ, ಅಂದ್ರೆ ಗೃಹಪ್ರವೇಶಕ್ಕೆ, ಜೂನಲ್ಲಿ ಜೋಯಿಸರತ್ರ ದಿನ ನೋಡಿಸಿದ್ದೀರಿ ಅಂತ ಅಮ್ಮ ಹೇಳಿದ್ಳು. ಅದನ್ನ ಗಟ್ಟಿ ಮಾಡ್ಬೇಡಿ, ಮಾವನತ್ರ ಅಂತೂ ಹೇಳ್ಲೇ ಬೇಡಿ, ಅವರ ಕಿವಿಗೆ ಬಿದ್ರೆ ಸಂಜೆಯೊಳಗೆ ಕುಂಬಳೆ ಪೇಟೆಗೆಲ್ಲ ಗೊತ್ತಾಗ್ತದೆ. ಇಲ್ಲಿ ಬಿಲ್ಡರಿನವರು ಹೇಳುವುದು "ಜೂನ್ ಜುಲೈ ಹೊತ್ತಿಗೆ" ಅಂತ ಅಷ್ಟೇ. ಕಾಂಟ್ರಾಕ್ಟಲ್ಲಿ ಇಂತಾ ದಿನ ಬೀಗದಕೈ ಕೊಡ್ತೇವೆ ಅಂತ ತಾರೀಕು ಇಲ್ಲ. ಕೆಲಸ ಎಲ್ಲ ಮುಗಿದು, ಮನೆಗೆ ವಾರಂಟಿ ಕೊಡುವ ಕಂಪೆನಿಯವರು ಬಂದು ನೋಡಿ ಸರ್ಟಿಫಿಕೇಟ್ ಕೊಟ್ಟ ಮೇಲೆ ನಮ್ಮ ಲಾಯರಿಗೆ ನೋಟೀಸು ಬರ್ತದೆ, ಅಲ್ಲಿಂದ ಸುಮಾರು ಎರಡು ವಾರದೊಳಗೆ ಬ್ಯಾಂಕಿನ ಸಾಲದ ದುಡ್ಡು ಅವರಿಗೆ ಹೋಗ್ಬೇಕು, ಹೋದ ದಿನವೇ ಬೀಗದಕೈ. ನಾವು ತಡ ಮಾಡಿದ್ರೆ ಬಡ್ಡಿ ಹಾಕ್ತಾರೆ, ಅವರು ತಡ ಮಾಡಿದ್ರೆ ಒಂದು ಕೊನೇ ಗಡುವು ಅಂತ ಉಂಟು, ಅದು ದಾಟಿದ್ರೆ ನಾವು ಅಡ್ವಾನ್ಸ್ ವಾಪಸ್ ತಗೊಂಡು ಬಿಟ್ಟು ಬರ್ಬಹುದು. ಆದ್ರೆ ಆ ಗಡುವು ಅವರು ಹೇಳಿದ ತಿಂಗಳಿಂದ ಎಷ್ಟೋ ಮುಂದೆ ಇರ್ತದೆ, ಜಾಣರು. ಎರಡು ವಾರ ಮಳೆ ಬಂದ್ರೂ ಸಾಕು, ಜುಲೈ ಅರ್ಧ ಕಳೀತದೆ, ಆಮೇಲೆ ಆಟಿ ತಿಂಗಳು, ಆಟಿಯಲ್ಲಿ ಶುಭಕಾರ್ಯಕ್ಕೆ ನೀವು ಒಪ್ಪುವುದಿಲ್ಲ.

ಜಾಗ ತಗೊಂಡು ನೀನೇ ಕಟ್ಟಿಸ್ಬಹುದಲ್ವಾ ಅಂತ ಕೇಳಿದ್ರಿ. ಈ ಮಿಲ್ಟನ್ ಕೀನ್ಸ್ ಹತ್ರ ಬಿಡಿ ಜಾಗ ಸಿಗುವುದೇ ಕಷ್ಟ, ಸಿಕ್ಕಿದ್ರೂ ಪರ್ಮಿಷನ್ ತಗೊಂಡು, ಮೇಸ್ತ್ರಿಗಳನ್ನ ಹುಡ್ಕಿ, ಆಫೀಸ್ ಕೆಲಸದ ಮಧ್ಯ ಅದೆಲ್ಲ ನನ್ನಿಂದ ಆಗ್ಲಿಕ್ಕಿಲ್ಲ. ಇಲ್ಲಿ ಕಂಪೆನಿಯವರೇ ಹೊಲ ತಗೊಂಡು ನೂರಾರು ಮನೆ ಒಟ್ಟಿಗೆ ಕಟ್ಟುವುದು, ನಾವು ಪ್ಲಾನ್ ನೋಡಿ ಒಂದು ನಂಬರ್ ಹಿಡಿಯುವುದು. ಸ್ವಲ್ಪ ದುಡ್ಡು ಕೊಟ್ಟು ಹಿಡ್ಕೊಂಡ್ರೆ 14 ದಿನದೊಳಗೆ ಮನಸ್ಸು ಬದಲಾದ್ರೆ ಪೂರ್ತಿ ವಾಪಸ್, ಹಾಗೊಂದು ನಿಯಮ ಉಂಟು. ನೋಡ್ಲಿಕ್ಕೆ ಇಟ್ಟ ಮನೆ ಉಂಟಲ್ಲ, ಅದ್ರಲ್ಲಿ ಸೋಫಾ ಲೈಟು ಎಲ್ಲ ಎಷ್ಟು ಚಂದ, ಮಂಚ ಮಾತ್ರ ಮಾಮೂಲಿಗಿಂತ ಸಣ್ಣದು ಅಂತ ನಂಗೆ ಡೌಟು, ರೂಮು ದೊಡ್ಡ ಕಾಣ್ಲಿಕ್ಕೆ. ನಾನು ಟೇಪ್ ತಗೊಂಡೇ ಹೋದದ್ದು, ಸೇಲ್ಸಿನ ಹುಡುಗಿ ನಗಾಡಿದ್ಳು.

ನೀವು ಬಂದ್ರೆ ಗೋಡೆಗೆ ಬಡಿದು ನೋಡ್ತೀರಿ ಅಂತ ಗೊತ್ತು. ಟೊಳ್ಳು ಶಬ್ದ ಬರ್ತದೆ, ಗಾಬರಿ ಬೇಡ. ಹೊರಗೆ ಇಟ್ಟಿಗೆ, ಒಳಗೆ ಜಿಪ್ಸಮ್ ಬೋರ್ಡು, ಮಧ್ಯ ಚಳಿ ತಡೀಲಿಕ್ಕೆ ಇನ್ಸುಲೇಷನ್. ನಮ್ಮ ಕೆಂಪುಕಲ್ಲಿನ ಗೋಡೆ ಇದ್ದ ಹಾಗೆ ಅಲ್ಲ, ದೇವರ ಫೋಟೊ ತೂಗು ಹಾಕ್ಲಿಕ್ಕೂ ಬೇರೆ ನಮೂನೆ ಪ್ಲಗ್ ಬೇಕು. ನಮ್ಮಲ್ಲಿ ಕಟ್ಟಿದ ಮೇಲೆ ದಿನಾ ನೀರು ಹಾಕ್ಬೇಕು, ಇಲ್ಲಿ ಉಲ್ಟಾ, ಒಳಗಿನ ಪಸೆ ನಿಧಾನ ಒಣಗ್ಬೇಕು, ಸುರುವಿಗೇ ಹೀಟರು ಜೋರು ಹಾಕ್ಬೇಡಿ ಕಿಟಕಿ ಸ್ವಲ್ಪ ತೆಗೆದಿಡಿ ಅಂತ ಪುಸ್ತಕವೇ ಕೊಡ್ತಾರೆ. ಮೊದಲ ವರ್ಷ ಕೂದಲೆಳೆಯಷ್ಟು ಬಿರುಕು ಬಂದ್ರೆ ಅದು ಲೆಕ್ಕಕ್ಕಿಲ್ಲ ಅಂತೆ.

ವಾರಂಟಿ ಒಟ್ಟು 10 ವರ್ಷ. ಮೊದಲ ಎರಡು ವರ್ಷ ಬಾಗಿಲು ಪೈಪು ಟೈಲ್ಸು ಎಲ್ಲ ಬಿಲ್ಡರೇ ಸರಿ ಮಾಡ್ಬೇಕು, ಆಮೇಲಿನ ಎಂಟು ವರ್ಷ ಅಡಿಪಾಯ, ಛಾವಣಿ ಅಂತ ದೊಡ್ಡ ಡ್ಯಾಮೇಜಿಗೆ ಮಾತ್ರ ಇನ್ಶೂರೆನ್ಸ್. ಅದಕ್ಕೇ ನೋಟೀಸು ಬಂದ ಕೂಡ್ಲೇ ನಮ್ಮದೇ ಒಬ್ಬ ಇನ್ಸ್‌ಪೆಕ್ಟರನ್ನ ಕರ್ಕೊಂಡು ಹೋಗ್ತೇನೆ. ಲಾಯರು ಕೂಡ ನಮ್ಮದೇ, ಬಿಲ್ಡರು ಹೇಳಿದವರಲ್ಲ. ಅವರ ಲಾಯರನ್ನ ಹಿಡಿದ್ರೆ ಬೇಗ ಆಗ್ತದೆ ಅಂದ್ರು, ಬೇಗ ಆಗುವುದು ಯಾರಿಗೆ ಬೇಕಾಗಿದ್ದು?

ಲಾಯರು ತೆಗೆದು ತೋರಿಸಿದ್ದು ರೋಡಿನ ವಿಷಯ. ಮನೆ ಜಾಗ ಎರಡೂ ನಮ್ಮದೇ ಹೆಸರಿಗೆ, ಅದ್ರಲ್ಲಿ ತಕರಾರಿಲ್ಲ. ಆದ್ರೆ ಒಳಗಿನ ರೋಡು, ಪಾರ್ಕು, ಮಳೆನೀರಿನ ಹೊಂಡ ಇದನ್ನ ಕೌನ್ಸಿಲ್, ಅಂದ್ರೆ ಇಲ್ಲಿಯ ಪಂಚಾಯತಿ, ವಹಿಸ್ಕೊಳ್ಳದಿದ್ರೆ ಒಂದು ಕಂಪೆನಿ ನೋಡ್ಕೊಳ್ತದೆ, ಅದಕ್ಕೆ ವರ್ಷವರ್ಷ ನಾವೇ ಕಟ್ಟುವುದು, ಕೌನ್ಸಿಲ್ ತೆರಿಗೆ ಬೇರೆ. ಪಂಚಾಯತಿಗೆ ಬಿಟ್ಟು ಕೊಡದ ರೋಡು ಇದ್ದ ಹಾಗೆ ಅಂತ ಇಟ್ಕೊಳ್ಳಿ, ನಮ್ಮ ತೋಟದ ಬದಿಯದ್ದು ಎಷ್ಟು ವರ್ಷ ರಗಳೆ ಆಯ್ತು ನಿಮಗೇ ಗೊತ್ತುಂಟು. ಎಷ್ಟು ಕಟ್ಬೇಕು, ಮುಂದೆ ಎಷ್ಟು ಏರಿಸ್ಬಹುದು ಅಂತ ಬರಹದಲ್ಲಿ ಬರುವವರೆಗೆ ಕಾಂಟ್ರಾಕ್ಟಿಗೆ ಸೈನ್ ಹಾಕುವುದಿಲ್ಲ. ಸೈನ್ ಹಾಕಿದ್ರೆ ಮನೆ ಬೆಲೆಯ 10% ಅಡ್ವಾನ್ಸ್ ಕೊಟ್ಟ ಹಾಗೆ, ಆಮೇಲೆ ಹಿಂದೆ ಸರಿದ್ರೆ ಅದು ಹೋಯ್ತು.

ದುಡ್ಡಿನ ವಿಷಯ, ನೀವು ಅಡಿಕೆ ಮಾರಿ ಕಳಿಸುವುದು ಬೇಡ. 3,40,000 ಪೌಂಡಿಗೆ ಮೊದಲ ಮನೆ ಅಂತ ಸ್ಟಾಂಪ್ ಡ್ಯೂಟಿ 2,000 ಮಾತ್ರ, 3 ಲಕ್ಷದವರೆಗೆ ಇಲ್ಲ, ಮೇಲಿನದ್ದಕ್ಕೆ 5%. ಅದನ್ನ ನಾವೇ ಸುಧಾರಿಸ್ತೇವೆ. ನೀವು ಕಳಿಸಿದ್ರೆ ಇಲ್ಲಿ ಬ್ಯಾಂಕಿಗೂ ಲಾಯರಿಗೂ ಅದು ಎಲ್ಲಿಂದ ಬಂತು ಅಂತ ದಾಖಲೆ ಕೊಡ್ಬೇಕು, ನಮ್ಮ ರೆಕಾರ್ಡೆಲ್ಲ ಮಲಯಾಳದಲ್ಲಿ, ಅದನ್ನ ಇಂಗ್ಲಿಷ್ ಮಾಡಿಸುವುದೇ ಒಂದು ಕೆಲಸ. ಅಲ್ಲಿಯೂ ಹೊರದೇಶಕ್ಕೆ ಕಳಿಸುವುದು ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ್ರೆ ಮೇಲಿನದ್ದಕ್ಕೆ ಬ್ಯಾಂಕಿನವರು ತೆರಿಗೆ ಅಂತ 20% ಹಿಡಿದಿಡ್ತಾರೆ, ರಿಟರ್ನ್ ಹಾಕಿದ ಮೇಲೆ ಸಿಗ್ತದೆ ಅಂದ್ರೂ ಸುಮ್ನೆ ಯಾಕೆ.

ಜೋಯಿಸರತ್ರ ಇನ್ನೊಂದು ಕೇಳ್ಬೇಕು. ಜೂನಲ್ಲಿ ಇಲ್ಲಿ ಬೆಳಿಗ್ಗೆ ಐದಕ್ಕೆ ಮೊದಲೇ ಸೂರ್ಯೋದಯ, ಮುಳುಗುವುದು ರಾತ್ರಿ ಒಂಬತ್ತು ಕಳೆದು. ಕಾಸರಗೋಡಿನ ಲೆಕ್ಕದ ಲಗ್ನ ಇಲ್ಲಿಗೆ ಹೊಂದುವುದಿಲ್ಲ, ಈ ಊರಿಗೆ ಲೆಕ್ಕ ಹಾಕಿ ಕೊಡ್ಬೇಕು. ಗಣಹೋಮ ಸಣ್ಣದೇ ಮಾಡುವುದು, ಪ್ರತಿ ಮಹಡಿಯಲ್ಲೂ ಹೊಗೆ ಅಲಾರಂ ಉಂಟು, ಕರೆಂಟಿಗೇ ಕೊಟ್ಟದ್ದು, ಒಂದು ಕೂಗಿದ್ರೆ ಎಲ್ಲವೂ ಕೂಗ್ತದೆ. ಹಿಂದೆ ಅಂಗಳ ಉಂಟು, ಅಲ್ಲಿ ಮಾಡಿದ್ರೆ ಆಗ್ತದಾ ಅಂತ ಕೇಳಿ. ಹಾಲುಕ್ಕಿಸುವುದು ಒಳಗೇ.

ಅಮ್ಮಾ, ಮಧೂರು ಗಣಪತಿಗೆ ಹರಕೆ ಹೇಳಿದ್ದಿ ಅಂತ ಗೊತ್ತಾಯ್ತು. ಈಗ್ಲೇ ತೀರಿಸ್ಬೇಡ, ಬೀಗದಕೈ ಸಿಕ್ಕಿದ ಮೇಲೆ ಸಾಕು. ನಿಮ್ಮಿಬ್ಬರ ವೀಸಾಕ್ಕೂ ಆಗ್ಲೇ ಹಾಕುವ, ಪಾಸ್‌ಪೋರ್ಟ್ ಅವಧಿ ಮಾತ್ರ ತಮ್ಮ ನೋಡಿ ಹೇಳ್ಲಿ.

ಜೋಯಿಸರತ್ರ ಜೂನಿಂದು ಒಂದು, ಆಟಿ ಕಳೆದ ಮೇಲಿನದ್ದು ಎರಡು ದಿನ, ಶನಿವಾರ ಆದಿತ್ಯವಾರ ಬರುವ ಹಾಗೆ, ಬರೆಸಿ ಇಟ್ಕೊಳ್ಳಿ. ನೋಟೀಸು ಬಂದ ದಿನ ಫೋನ್ ಮಾಡ್ತೇನೆ.

ನಿಮ್ಮ ಮಗ